ಎರಡು ಸಣ್ಣ ಏಟು, ಆಮೇಲೆ ದೊಡ್ಡದು

ನನ್ನ ಅಪ್ಪ ಕ್ಲೈವ್ ಟ್ರಾಂಟರ್ ನಮ್ಮೂರು ಕ್ರೇಡ್ಲಿ ಹೀತ್‌ನ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಸುತ್ತಿಗೆ ಯಂತ್ರ ನಡೆಸಿದ. ಎರಡು ಟನ್ನಿನ ಸುತ್ತಿಗೆ. ಅದು ಬಿದ್ದಾಗೆಲ್ಲ ಮೂರು ಬೀದಿಯಾಚೆ ನಮ್ಮ ಅಡುಗೆಮನೆಯ ಕಪ್ಪುಬಸಿಗಳು ನಡುಗುತ್ತಿದ್ದವು. ಆ ಕೆಲಸ ಅವನ ಕಿವಿಗಳನ್ನು ಮುಕ್ಕಾಲುಪಾಲು ತಿಂದುಹಾಕಿದೆ. ನನ್ನ ಐದು ತಿಂಗಳ ಮಗಳು ಈಡಿತ್ ಪಕ್ಕದಲ್ಲೇ ಕಿರುಚಿಕೊಂಡರೂ ಅವನು ಆರಾಮಾಗಿ ಪೇಪರ್ ಓದುತ್ತಾನೆ. ನನಗೋ ಮಗು ಸೀನಿದರೆ ಡಾಕ್ಟರು, ಸೀನದಿದ್ದರೂ ಡಾಕ್ಟರು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಪಕ್ಕದ ಬೀದಿಯ ನಾಲ್ವರು ಉದ್ದಗೂದಲ ಹುಡುಗರು ರೆಕಾರ್ಡಿಂಗ್ ಯಂತ್ರ ಹೊತ್ತು ಕಾರ್ಖಾನೆಗೆ ಬಂದರಂತೆ. ‘ಕುಲುಮೆಯ ಕೂಸುಗಳು’ ಎಂಬ ತಮ್ಮ ಹೆವಿ ಮೆಟಲ್ ಆಲ್ಬಂ ಶುರುವಾಗುವುದಕ್ಕೆ ಅವರಿಗೆ ಒಂದು ನಿಜವಾದ ಏಟು ಬೇಕಿತ್ತು. ಒಂದೇ ಒಂದು. ಅಪ್ಪನ ಜೊತೆಗಾರ ಸಿಡ್ ರೌಂಡ್ ತಣ್ಣಗಿನ ಕಬ್ಬಿಣದ ಸರಳನ್ನು ಇಕ್ಕಳದಲ್ಲಿ ಹಿಡಿದು ನಿಂತ. ಅಪ್ಪ ಸುತ್ತಿಗೆಯನ್ನು ಮೊದಲು ಎರಡು ಸಲ ಮೆಲ್ಲಗೆ ತಟ್ಟಿಸಿ, ಆಮೇಲೆ ಬಿಟ್ಟ.

ಒಂದು ಕೇಳಿದರೆ ಮೂರು ಬಂತಲ್ಲ ಎಂದು ಹುಡುಗರು ತಲೆ ಚಚ್ಚಿಕೊಂಡರು. ಅಪ್ಪ ಏನು ಮಾಡಿಯಾನು? ಇಕ್ಕಳ ಹಿಡಿದವನಿಗೆ ‘ಬರ್ತಿದೆ’ ಅಂತ ಎರಡು ಸಲ ತಟ್ಟಿ ಹೇಳದೆ ಸುತ್ತಿಗೆ ಬಿಡುವವನನ್ನು ನಮ್ಮೂರಲ್ಲಿ ಕೊಲೆಗಡುಕ ಅನ್ನುತ್ತಾರೆ. ಅವನ ಕೈಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಎನ್ನುವಷ್ಟರಲ್ಲಿ ಮೇಸ್ತ್ರಿ ಸೀಟಿ ಊದಿ ಹುಡುಗರನ್ನು ಹೊರಗಟ್ಟಿದ. ಆ ತಪ್ಪೇ ಆಲ್ಬಮ್ಮಿನಲ್ಲಿ ಉಳಿಯಿತು.

ನಲವತ್ತು ವರ್ಷವಾಯಿತು. ಆಗಿನ ಎಷ್ಟೋ ಗದ್ದಲ ಮುದಿಯಾಗಿಹೋಗಿದೆ, ಈ ಆಲ್ಬಂ ಆಗಿಲ್ಲ. ಇದರ ಗಿಟಾರ್ ಅವಸರ ಮಾಡುವುದಿಲ್ಲ. ಪಾಳಿ ಮುಗಿಸಿದವನು ಭಾರದ ಬೂಟು ಎಳೆದುಕೊಂಡು ಮನೆಗೆ ಬರುವ ಹಾಗೆ ಬರುತ್ತದೆ. ನನ್ನ ಅರ್ಧ ವಯಸ್ಸಿನ ಹುಡುಗಿಯರು ಅದರ ಚಿತ್ರದ ಅಂಗಿ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ. ಯಾವ ಪಬ್ಬಿನಲ್ಲಿ ಅದನ್ನು ಹಾಕಿದರೂ ಜನ ಮೇಜಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ, ಮೂರನೆಯದನ್ನು ಗುದ್ದುತ್ತಾರೆ. ಅದು ನನ್ನ ಅಪ್ಪನ ಕೈ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ರೆಕಾರ್ಡ್ ಕಂಪನಿಯಿಂದ ಕಾಗದ ಬಂತು. ಹೊಸ ಮುದ್ರಣದ ಹೊದಿಕೆಯ ಮೇಲೆ ಆ ಏಟು ಹೊಡೆದವನ ಹೆಸರು ಹಾಕುತ್ತಾರಂತೆ. ಆದರೆ ಸಿಡ್‌ನ ಹೆಂಡತಿ ಮೊರೀನ್, ಅದು ತೀರಿಹೋದ ತನ್ನ ಗಂಡನದೆಂದು ಆಗಲೇ ಬರೆದಿದ್ದಳು.

"ಅಪ್ಪಾ, ನೀನೂ ಬರಿ," ಎಂದು ಅವನ ಕಿವಿಯ ಹತ್ತಿರ ಕೂಗಿದೆ.

"ಬರೆದ್ರೆ ಸಿಡ್ ಸುಳ್ಳುಬುರುಕ ಅಂತ ಆಗಲ್ವೇನೇ? ಸತ್ತೋನು ಬಂದು ಜವಾಬು ಕೊಡ್ತಾನಾ?"

ಆಮೇಲೆ ಮೂರು ದಿನ ಊಟದ ತಟ್ಟೆಯನ್ನು ಹಾಗೇ ತಳ್ಳಿದ. ಅವನ ಬಿ.ಪಿ. ನೆನೆದು ನನಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಕಂಪನಿಗೆ ನಾನೇ ಬರೆದೆ.

ಭಾನುವಾರ ಮಧ್ಯಾಹ್ನ ಕಂಪನಿಯ ಫಿಲಿಪ್ಪಾ ಎಂಬಾಕೆ ಕೆಲಸಗಾರರ ಕ್ಲಬ್ಬಿಗೆ ಬಂದು, ಏಟು ಯಾರದೆಂದು ಗುರುತಿಸಲು ಹಳೆಯ ಕೆಲಸಗಾರರನ್ನೆಲ್ಲ, ಮೊರೀನ್‌ಳನ್ನೂ ಕೂರಿಸಿ ರೆಕಾರ್ಡ್ ಹಾಕಿದಳು. ನಾನು ಈಡಿತ್‌ಳ ಕಿವಿ ಮುಚ್ಚಿದೆ. ಅಪ್ಪ ಕಿವಿ ಕೇಳಿಸದೆ ಸ್ಪೀಕರಿನ ಮೇಲೆ ಅಂಗೈ ಇಟ್ಟ.

ಟಕ್, ಟಕ್. ಧಡ್!

"ಕ್ಲೈವೇ ಕಣ್ರೋ!" ಎಂದು ಎಂಬತ್ತರ ಹೊರೇಸ್ ಬಿಯರ್ ಚೆಲ್ಲಿಕೊಂಡ. "ಎರಡನೇ ತಟ್ಟು ಒಂಚೂರು ತಡ. ಇವನು ಮದುವೆಗೂ ತಡವಾಗೇ ಬಂದೋನು!"

ಎಲ್ಲರೂ ನಕ್ಕರು. ಮೊರೀನ್ ನಗಲಿಲ್ಲ. "ಹಂಗಾದ್ರೆ ನಮ್ಮೋರು ಜೀವಮಾನ ಪೂರ್ತಿ ನಂಗೆ ಸುಳ್ಳು ಹೇಳಿದ್ರಾ? ಆ ಸದ್ದು ನಂದು ಅಂತಿದ್ರಲ್ಲ!"

ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದ. ಫಿಲಿಪ್ಪಾಳ ಕಡೆ ತಿರುಗಿ, "ಇನ್ನೊಂದ್ಸಲ ಹಾಕಮ್ಮ. ಏಟಾದ್ಮೇಲೆ ನಿಲ್ಲಿಸ್ಬೇಡ," ಎಂದ.

ಏಟಿನ ಹಿಂದೆಯೇ ಗಂಟೆಯಂಥ ನಾದವೊಂದು ಎದ್ದು, ಗಿಟಾರ್ ಬರುವವರೆಗೂ ನಿಂತಿತು.

"ಕೇಳಿಸ್ತಾ ಮೊರೀನ್? ಅದು ಸಿಡ್‌ದು. ಇಕ್ಕಳ ಬಿಗಿಯಾಗಿ ಹಿಡಿದಿದ್ರೆ ಕಬ್ಬಿಣ ಕೂಗ್ತಿರ್ಲಿಲ್ಲ, ಸತ್ತ ಸದ್ದು ಬರ್ತಿತ್ತು. ನಾನು ಎರಡು ತಟ್ಟಿದೆ, ಅವನು ಹಿಡಿತ ಸಡಿಲ ಮಾಡಿದ. ಸರಳು ಹಾರಿದ್ರೆ ಮಣಿಕಟ್ಟೇ ಮುರೀತಿತ್ತು. ನಮ್ಮ ಕಾರ್ಖಾನೇಲಿ ಇನ್ಯಾರಿಗೂ ಆ ಧೈರ್ಯ ಇರ್ಲಿಲ್ಲ. ನಿನ್ನ ಗಂಡ ಸುಳ್ಳು ಹೇಳಿಲ್ಲ."

ಮೊರೀನ್ ಕರವಸ್ತ್ರ ಹುಡುಕತೊಡಗಿದಳು.

"ಹಾಗಾದರೆ ‘ಸುತ್ತಿಗೆ: ಸಿಡ್ ಮತ್ತು ಕ್ಲೈವ್’ ಅಂತ ಹಾಕೋಣ್ವಾ?" ಎಂದು ಫಿಲಿಪ್ಪಾ ಸಮಾಧಾನವಾಗಿ ಕೇಳಿದಳು.

"ಆಗಲ್ಲ!" ಅಪ್ಪನ ದನಿಗೆ ಈಡಿತ್ ಬೆಚ್ಚಿದಳು. "ಸುತ್ತಿಗೆ ನಂದು. ಅದನ್ನ ಯಾರಿಗೂ ಹಂಚಲ್ಲ. ಇಕ್ಕಳ ಅವನದು, ಅದರಲ್ಲಿ ನಂಗೆ ಪಾಲು ಬೇಡ."

"ಜಾಗ ಒಂದೇ ಸಾಲಿಗಿದೆಯಲ್ಲ, ಸರ್..."

"ಅಕ್ಷರ ಸಣ್ಣದು ಮಾಡಮ್ಮ. ನಮ್ಮ ಕಣ್ಣು ಇನ್ನೂ ಚೆನ್ನಾಗಿದೆ."

ಸೆಪ್ಟೆಂಬರಿನಲ್ಲಿ ರೆಕಾರ್ಡ್ ಬಂತು. ಹೊದಿಕೆಯ ಹಿಂದೆ, ಕೆಳಗಡೆ, ಎರಡು ಪುಟ್ಟ ಸಾಲು: ಸುತ್ತಿಗೆ, ಕ್ಲೈವ್ ಟ್ರಾಂಟರ್. ಇಕ್ಕಳ, ಸಿಡ್ ರೌಂಡ್. ಅಪ್ಪ ಕನ್ನಡಕ ಒರೆಸಿಕೊಂಡು ಎರಡನ್ನೂ ಗಟ್ಟಿಯಾಗಿ ಓದಿದ. ಆಮೇಲೆ ಟೋಪಿ ಹಾಕಿಕೊಂಡು, ಮೊರೀನ್‌ಗೆ ತೋರಿಸಿಬರುತ್ತೇನೆಂದು ಹೊರಟ.