ಬೆಕ್ಕಿಗೆ ಕೊಟ್ಟ ರಕ್ತದ ತಿಳಿ

ಅರವತ್ತರ ದಶಕದಲ್ಲಿ ನಾನು ಮದುವೆಯಾಗಿ ಸಾದಲಿಗೆ ಬಂದೆ. ಬಂದ ವರ್ಷವೇ ಅತ್ತೆಯೊಡನೆ ಜಗಳ. ಅದೂ ಇಲಿಯ ದೆಸೆಯಿಂದ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ತಟ್ಟೆಯಲ್ಲಿ ಹುಳು ದಪ್ಪವಾದಂತೆಲ್ಲ ಇಲಿಗಳಿಗೆ ಹಬ್ಬ. ವಿಷ ಇಡೋಣ ಅಂದರೆ ಅತ್ತೆ, "ಹುಳದ ಮನೇಲಿ ಆ ಮಾತೇ ಎತ್ತಬೇಡ ಕಣಮ್ಮ, ಬೆಕ್ಕಿದೆ" ಅನ್ನುತ್ತಿದ್ದರು. ಮಾವ ತೀರಿಕೊಂಡ ವರ್ಷ ತಾನಾಗಿ ಮನೆ ಹೊಕ್ಕ ಹೆಣ್ಣುಬೆಕ್ಕು ಅದು. ಅದಕ್ಕೆ ಹಾಕದೆ ಅತ್ತೆ ಊಟಕ್ಕೆ ಕೂರುತ್ತಿರಲಿಲ್ಲ.

ನಾನು ಕೇಳುವವಳೇ? ಚಿಂತಾಮಣಿಯ ತೌರಿಗೆ ಹೋದಾಗ ಹೊಸದಾಗಿ ಬಂದಿದ್ದ ಇಲಿಪುಡಿ ತಂದೆ. ಹುರಿಹಿಟ್ಟಿನಲ್ಲಿ ಕಲಸಿ, ಯಾರಿಗೂ ಹೇಳದೆ ಅಟ್ಟದ ಮೂಲೆಯಲ್ಲಿಟ್ಟೆ. ಇಲಿಗಳು ಅದನ್ನು ತಿಂದವು, ತೂರಾಡುತ್ತಿದ್ದ ಇಲಿಗಳನ್ನು ಬೆಕ್ಕು ತಿಂದಿತು. ಕೆಲವು ದಿನಕ್ಕೆ ಅದರ ವಸಡಿನಲ್ಲಿ ರಕ್ತ ಜಿನುಗತೊಡಗಿತು, ನಿಲ್ಲಲೇ ಇಲ್ಲ. ಪುಡಿಯದೇ ಕೆಲಸವೆಂದು ನನಗೆ ಗೊತ್ತಾಯಿತು. ಆದರೂ ತುಟಿ ಬಿಚ್ಚಲಿಲ್ಲ.

ಅತ್ತೆ ಬೆಕ್ಕನ್ನು ಮಂಕರಿಯಲ್ಲಿ ಮಲಗಿಸಿಕೊಂಡು, ನನ್ನನ್ನೂ ಎಳೆದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದರು. ದನದ ಆಸ್ಪತ್ರೆಯ ಡಾಕ್ಟರು ಮಂಗಳೂರಿನ ಕಡೆಯವರು, ಬಂದು ತಿಂಗಳಾಗಿತ್ತಷ್ಟೆ. "ಯಾವಾಗಿನಿಂದ ಹೀಗೆ?" ಎಂದು ಕೇಳಿದರು.

"ಮೂರನೇ ಜ್ವರ ಎದ್ದಾಗಿಂದ ಸ್ವಾಮಿ," ಅಂದರು ಅತ್ತೆ.

ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅತ್ತೆಗೆ ತಿಥಿ, ವಾರ, ಕ್ಯಾಲೆಂಡರು ಎಲ್ಲ ಅದೇ. ಪಾಪ, ಡಾಕ್ಟರಿಗೇನು ಗೊತ್ತು? ಬೆಕ್ಕಿಗೇ ಮೂರು ಸಲ ಜ್ವರ ಬಂದಿದೆ ಎಂದುಕೊಂಡು ಜ್ವರದ ಔಷಧಿಯನ್ನು ಸಿರಿಂಜಿಗೆ ತುಂಬಿದರು.

ಇನ್ನು ತಡೆಯಲಾಗಲಿಲ್ಲ. "ಅಯ್ಯೋ, ಜ್ವರ ಹುಳಕ್ಕೆ ಸಾರ್, ಬೆಕ್ಕಿಗಲ್ಲ! ಬೆಕ್ಕು ವಿಷದ ಇಲಿ ತಿಂದಿದೆ. ವಿಷ ಇಟ್ಟೋಳು ನಾನೇ," ಎಂದುಬಿಟ್ಟೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಸಿರಿಂಜನ್ನು ಕೆಳಗಿಟ್ಟು, ಯಾವ ಪುಡಿಯೆಂದು ಕೇಳಿ ತಿಳಿದುಕೊಂಡರು. ಆ ಪುಡಿ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದಂತೆ. ಗಟ್ಟಿಮುಟ್ಟಾದ ಇನ್ನೊಂದು ಬೆಕ್ಕಿನ ರಕ್ತ ತೆಗೆದು, ಅದರ ತಿಳಿಯನ್ನು ಏರಿಸಿದರೆ ಉಳಿದರೂ ಉಳಿಯಬಹುದು. "ಬೆಕ್ಕಿಗೆ ನಾನು ಮಾಡಿದ್ದಿಲ್ಲಮ್ಮ, ಓದಿದ್ದೇನೆ ಅಷ್ಟೆ," ಅಂದರು. ಆ ನಿಜ ಕೇಳಿಯೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಸ್ಪತ್ರೆಯ ಹಿಂದೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆಗಳಿದ್ದವು. ಓಡಿಹೋಗಿ ಮೊದಲ ಬಾಗಿಲಲ್ಲೇ ಅಂಗಲಾಚಿದೆ. ಸಾಬರ ಮನೆಯ ಹೆಂಗಸೊಬ್ಬರು, ನೂಲು ಬಿಚ್ಚಿ ಉಳಿದ ಹುಳು ತಿಂದು ಕುಂಬಳಕಾಯಿಯಾಗಿದ್ದ ಗಂಡುಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೇಬಿಟ್ಟರು. ಗುರುತಿಲ್ಲ, ಪರಿಚಯವಿಲ್ಲ. "ಬೆಕ್ಕಿಲ್ದೆ ನಿಮ್ಗೂ ಆಗಲ್ಲ, ನಮ್ಗೂ ಆಗಲ್ಲ. ತಗೊಳ್ಳಿ ಸಾರ್, ಜೋಪಾನ," ಎಂದು ತಾವೇ ಅದರ ಕಾಲು ಹಿಡಿದು ಕೂತರು.

ಕೈಯಿಂದ ತಿರುಗಿಸುವ ಯಂತ್ರದಲ್ಲಿ ಡಾಕ್ಟರು ರಕ್ತವನ್ನು ಗಿರಗಿರನೆ ಸುತ್ತಿದರು. ಕೆಂಪೆಲ್ಲ ತಳಕ್ಕಿಳಿದು ಮೇಲೆ ಹಳದಿ ತಿಳಿ ನಿಂತಿತು. ಅತ್ತೆ, "ಗಟ್ಟಿಯೆಲ್ಲ ನೀವಿಟ್ಕೊಂಡು ತಿಳಿ ನಮಗಾ ಸ್ವಾಮಿ?" ಅಂದರು. ಬಡಿಸುವಾಗ ಯಾರಿಗೂ ಬರೀ ತಿಳಿ ಹಾಕಿ ಅಭ್ಯಾಸವಿಲ್ಲದ ಕೈ ಅವರದು. ಡಾಕ್ಟರು ನಕ್ಕು, "ರಕ್ತ ನಿಲ್ಲಿಸುವ ಗುಣ ತಿಳಿಯಲ್ಲೇ ಇರುವುದಮ್ಮ," ಎಂದು ಬೆಕ್ಕಿನ ಕಾಲಿನ ನರಕ್ಕೆ ನಿಧಾನವಾಗಿ ಏರಿಸಿದರು. ಸಂಜೆಯೊಳಗೆ ವಸಡು ಒಣಗಿತ್ತು. ಆ ಡಾಕ್ಟರನ್ನೂ ಆ ತಾಯಿಯನ್ನೂ ನೆನೆದರೆ ಇವತ್ತಿಗೂ ನನ್ನ ಕೈಗಳು ತಾವಾಗಿ ನಮಸ್ಕಾರಕ್ಕೆ ಏಳುತ್ತವೆ.

ಮನೆಗೆ ಬಂದಮೇಲೆ ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಲ್ಕನೆಯ ಬೆಳಿಗ್ಗೆ ಬೆಕ್ಕು ಎದ್ದು ಬಟ್ಟಲಿನ ಹಾಲು ನೆಕ್ಕಿತು. ಅತ್ತೆ ಅದರ ಬೆನ್ನು ಸವರುತ್ತ, "ನೀನು ಹೇಳದೆ ಇದ್ದಿದ್ರೆ ಇದು ಹೋಗಿಬಿಡ್ತಿತ್ತು," ಅಂದರು.

"ತಪ್ಪಾಯ್ತು ಅತ್ತೆ," ಎಂದೆ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿರಲಿಲ್ಲ ಕಣಮ್ಮ," ಅಂದರು. "ಅತ್ತೆಗೆ ಹೆದರಿ, ಸತ್ರೆ ಸಾಯ್ಲಿ ಅಂತ ಬಿಟ್ಬಿಡ್ತಿದ್ದೆ."