ಏನೂ ಕಾಣದಂತೆ ಎಲ್ಲ ಬದಲಿಸುವವರು

ಬೆಟಗೇರಿಯ ಕೈಗಾರಿಕಾ ವಸಾಹತಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಇಂದು ಅಮಾವಾಸ್ಯೆ. ಯಾವ ಶೆಡ್ಡಿನಲ್ಲೂ ಲೇಥ್ ತಿರುಗುವುದಿಲ್ಲ, ವೆಲ್ಡಿಂಗಿನ ಕಿಡಿ ಹಾರುವುದಿಲ್ಲ, ಚಹಾದ ಗಾಡಿಯವನಿಗೂ ರಜೆ. ಐದಕ್ಕೆ ಹತ್ತು ನಿಮಿಷ ಇರುವಾಗ ಕಾರ್ಖಾನೆಯೊಂದರ ಹಿಂಬಾಗಿಲ ಬೀಗವನ್ನು ಮಾಯಾ ತೆಗೆಯುತ್ತಾರೆ. ಒಂದು ಕಾಲಕ್ಕೆ ಶೇಂಗಾ ಚೀಲ ಒಟ್ಟುತ್ತಿದ್ದ ಕೋಣೆ ಅದು. ಗೋಡೆಗೆ ಈಗಲೂ ಎಣ್ಣೆಯ ಜಿಡ್ಡು, ಮೂಲೆಯಲ್ಲಿ ಹೊಟ್ಟಿನ ವಾಸನೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಪ್ಪು ಪೆಟ್ಟಿಗೆಯೊಂದು ಗುಂಯ್‌ಗುಡುತ್ತ ಕೂತಿದೆ. ಮಾಯಾ ಅದರ ಬೆನ್ನಿಗೆ ಅಂಗೈ ಇಡುತ್ತಾರೆ, ಜ್ವರ ನೋಡುವವರ ಹಾಗೆ. ಫ್ಯಾನಿನ ಬಾಯಿಗೆ ಕಟ್ಟಿದ ಧೂಳನ್ನು ಬಣ್ಣ ಹಚ್ಚುವ ಬ್ರಷ್ಷಿನಿಂದ ಜಾಡಿಸುತ್ತಾರೆ. ಕುರ್ಚಿ ಎಳೆದು ಕೂತು, ಉದ್ದನೆಯ ನೋಟ್‌ಬುಕ್ ಬಿಡಿಸಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ.

"ಇವತ್ತು ತಪ್ಪಿದ್ರ ಮುಗೀತ್ರಿ," ಎನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ. "ಸೈಟೂ ಇರಂಗಿಲ್ಲ, ಈ ಖೋಲಿಯೊಳಗ ನಾನೂ ಇರಂಗಿಲ್ಲ."

ಆ ಪೆಟ್ಟಿಗೆಯೇ ಸರ್ವರ್. ಕಾರ್ಖಾನೆಯ ವೆಬ್‌ಸೈಟ್ ಇಡಿಯಾಗಿ ಅದರ ಹೊಟ್ಟೆಯಲ್ಲಿದೆ. ಇಲ್ಲಿ ತಯಾರಾಗುವುದು ಶೇಂಗಾ ಒಡೆಯುವ ಯಂತ್ರಗಳು ಮತ್ತು ಟ್ರ್ಯಾಕ್ಟರಿಗೆ ಕಟ್ಟುವ ಕೂರಿಗೆಗಳು. ಕಾರ್ಖಾನೆ ಕಟ್ಟಿದ ಅಂದಪ್ಪ ಮೊದಲು ಹೊರಗಿನ ಒಂದು ಕಂಪನಿಗೆ ವೆಬ್‌ಸೈಟ್ ಒಪ್ಪಿಸಿದ್ದರು. ಒಂದು ದಿನ ಆ ಕಂಪನಿಯವರು ಬಾಗಿಲು ಹಾಕಿಕೊಂಡು ಹೋದರು, ಪಾಸ್‌ವರ್ಡೂ ಅವರ ಜೊತೆಗೇ ಹೋಯಿತು. "ನಮ್ಮ ದುಕಾನದ ಕೀಲಿ ಮಂದಿ ಕೈಯಾಗ ಯಾಕ?" ಎಂದ ಅಂದಪ್ಪ ಸರ್ವರನ್ನೇ ಕೊಂಡು ತಂದು ಶೇಂಗಾ ಕೋಣೆಯಲ್ಲಿ ಇಡಿಸಿದರು. ಬಿಲ್ಲು ಬರೆಯಲು ಬಂದಿದ್ದ ಮಾಯಾ ಅವರನ್ನು ಕರೆದು, "ನೋಡ್ಕೋವಾ ಇದನ್ನ" ಅಂದರು. ನೇಮಕಾತಿ ಪತ್ರ ಅಂತ ಇದ್ದರೆ ಇಷ್ಟೇ. ಅಂದಪ್ಪ ತೀರಿಕೊಂಡು ಮೂರು ವರ್ಷವಾಯಿತು. ಮಾಯಾ ನೋಡಿಕೊಳ್ಳುತ್ತಲೇ ಇದ್ದಾರೆ, ಒಂಬತ್ತು ವರ್ಷದಿಂದ.

ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಆಫೀಸ್ ಸಹಾಯಕಿ'. ಯಾರಿಗೆ ಸಹಾಯ, ಯಾರೂ ಹೇಳಿಲ್ಲ. ಈ ಕೆಲಸದಲ್ಲಿ ಅವರ ಮೇಲೆ ಒಬ್ಬರಿಲ್ಲ, ಕೆಳಗೆ ಒಬ್ಬರಿಲ್ಲ, ಪಕ್ಕದಲ್ಲಂತೂ ಇಲ್ಲವೇ ಇಲ್ಲ.

ಮಾಯಾ ಅವರಿಗೆ ಮೂವತ್ತಾರು. ಊರು ಹೊಂಬಳ, ಊರ ಹೊರಗಿನ ಕೇರಿ. ತಾಯಿ ಕರೆವ್ವ ಇದೇ ಕಾರ್ಖಾನೆಯ ಅಂಗಳ ಗುಡಿಸಿದವರು, ಹದಿನಾಲ್ಕು ವರ್ಷ. ಮಗಳು ಗದಗಿನಲ್ಲಿ ಬಿ.ಎ. ಓದಿ, ಆರು ತಿಂಗಳು ಕಂಪ್ಯೂಟರ್ ಕಲಿತು, ಅಮ್ಮ ಕಸಬರಿಗೆ ಹಿಡಿದು ಬರುತ್ತಿದ್ದ ಗೇಟಿನಲ್ಲೇ ಒಳಗೆ ಬಂದರು. ಸರ್ವರ್ ಬಗ್ಗೆ ಯಾರೂ ಕಲಿಸಲಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಇಂಗ್ಲಿಷ್ ಪಾಠಗಳನ್ನು ನಿಘಂಟು ಇಟ್ಟುಕೊಂಡು ಬಿಡಿಸಿ, ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಅಂಥ ನೋಟ್‌ಬುಕ್ ಈಗ ಹನ್ನೊಂದು. "ಇದನ್ನ ಮುಟ್ಟಬ್ಯಾಡ, ಹೋದ ಸಲ ಅತ್ತೀದಿ" ಎಂದು ಒಂದು ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿದೆ. ತಮಗೆ ತಾವೇ ಬರೆದುಕೊಂಡದ್ದು. ಬರೆದು ಹೇಳಲಿಕ್ಕೆ ಬೇರೆ ಯಾರಿದ್ದರು?

ಕರೆವ್ವನಿಗೆ ಮಾತ್ರ ಸಿಟ್ಟು. "ಆ ಕರೀ ಪೆಟ್ಟಿಗಿ ಜೋಡಿನ ಲಗ್ನಾ ಮಾಡ್ಕೊಂಡಿ ನೀ. ಅದಕ್ಕರ ಒಂದು ಅತ್ತಿಮನಿ ಐತೇನ? ಹಬ್ಬಕ್ಕ ಒಂದು ಸೀರಿ ಉಡಿಸ್ತೈತೇನ?" ಎಂದು ಬೆಟಗೇರಿಯ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳುತ್ತಾರೆ. ಮಗಳು ನಗುತ್ತಾರೆ. "ಸೀರಿ ಉಡಸಂಗಿಲ್ಲವ್ವಾ, ಬೈಯಂಗೂ ಇಲ್ಲ."

ಆ ವೆಬ್‌ಸೈಟಿನಲ್ಲಿ ಅಂಥದ್ದೇನಿದೆ? ಬಿಡಿಭಾಗಗಳ ಪಟ್ಟಿ ಇದೆ. ಒಂದು ಸಾವಿರದ ಮುನ್ನೂರ ಹನ್ನೆರಡು ಭಾಗ. ಒಂದೊಂದಕ್ಕೂ ಫೋಟೋ, ಅಳತೆ, ನಂಬರು. ಇಪ್ಪತ್ತೈದು ವರ್ಷದ ಹಿಂದಿನ ಯಂತ್ರದ ಜರಡಿಯೂ ಅದರಲ್ಲಿ ಸಿಗುತ್ತದೆ. ಕಾರ್ಖಾನೆಯವರೇ ಮರೆತ ಮಾದರಿಗಳವು. ಮಾಯಾ ಗುಜರಿ ರಾಶಿಯಲ್ಲಿ ಕೂತು ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಫೋಟೋ ತೆಗೆದರು. ದಿನಕ್ಕೆ ನೂರೈವತ್ತು ಮಂದಿ ನೋಡುತ್ತಾರೆ. ಬೀಜಕ್ಕೆ ಶೇಂಗಾ ಒಡೆಸುವ ದಿನಗಳಲ್ಲಿ ಆರುನೂರು. ಡಂಬಳದಲ್ಲಿ ಯಂತ್ರ ನಿಂತರೆ, ಶಿರಹಟ್ಟಿಯಲ್ಲಿ ಪಟ್ಟಾ ಹರಿದರೆ, ಅಲ್ಲಿಯ ಮಿಸ್ತ್ರಿ ಮೊಬೈಲಿನಲ್ಲಿ ನಂಬರು ಹುಡುಕಿ ತೆಗೆದು ಆರ್ಡರ್ ಹಾಕುತ್ತಾನೆ, ಮರುದಿನ ಬಸ್ಸಿನಲ್ಲಿ ಪಾರ್ಸೆಲ್ ಇಳಿಯುತ್ತದೆ.

ಅವರಲ್ಲೊಬ್ಬರು ಲಕ್ಷ್ಮೇಶ್ವರದ ಮಿಸ್ತ್ರಿ ಬುಡ್ಡೇಸಾಬ. ಅರವತ್ತು ದಾಟಿದೆ. ನಾಲ್ಕು ವರ್ಷ ಅವರು ವೆಬ್‌ಸೈಟಿಗೆ ಬರೆದ ಸಂದೇಶಗಳೆಲ್ಲ "ಸಾಹೇಬ್ರ" ಎಂದೇ ಶುರುವಾಗುತ್ತಿದ್ದವು. ಒಮ್ಮೆ ಮಾಯಾ ಫೋನ್ ಮಾಡಿದಾಗ, "ಸಾಹೇಬ್ರಿಗೆ ಕೊಡವಾ ಫೋನು" ಅಂದಿದ್ದರು. "ಸಾಹೇಬ್ರು ನಾನಽ ರೀ ಚಾಚಾ" ಎಂದರು ಮಾಯಾ. ಆ ಕಡೆಯಿಂದ, "ಖರೇನ? ಹಂಗಾರ ಇನ್ನ ಮ್ಯಾಲ ಬೈಯೂದಿದ್ರ ಮೆತ್ತಗ ಬೈತೀನಿ ಬಿಡು." ಕೆಲಸದ ಬಗ್ಗೆ ಮಾಯಾ ಅವರೊಡನೆ ಮಾತಾಡುವ ಒಬ್ಬರೇ ಮನುಷ್ಯ ಅವರು. ಅದೂ ಜರಡಿ ನಂಬರಿನಷ್ಟೇ ಮಾತು.

ಮೂರು ತಿಂಗಳ ಹಿಂದೆ ವೆಬ್‌ಸೈಟಿಗೆ ಕಳ್ಳರು ನುಗ್ಗಿದರು. ಅದನ್ನು ನಡೆಸುವ ತಂತ್ರಾಂಶ ಹಳತಾಗಿತ್ತು; ಮಾಡಿದವರೇ ಅದರ ತೂತು ಮುಚ್ಚುವುದನ್ನು ಬಿಟ್ಟಿದ್ದರು. ಕೂರಿಗೆಯ ಚಿತ್ರ ಇರಬೇಕಾದಲ್ಲಿ ಜೂಜಿನ ಜಾಹೀರಾತು ಕುಣಿಯಿತು. ಹೊಸ ಆವೃತ್ತಿಗೆ ಏರಿಸಬೇಕೆಂದು ಮಾಯಾ ಎರಡು ವರ್ಷದಿಂದ ಹೇಳಿದ್ದರು, ಬರೆದೂ ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನುಗ್ಗಿದ ದಿನ ಮಾತ್ರ ಎಲ್ಲರೂ ಕೋಣೆಯ ಬಾಗಿಲಿಗೆ ಬಂದು, "ಏನ್ ಮಾಡಿದಿ ಮಾಯಾ?" ಎಂದು ಕೇಳಿದರು.

ಕಸ ತೆಗೆದು ಸ್ವಚ್ಛ ಮಾಡಿ, ಹೋದ ಅಮಾವಾಸ್ಯೆಯಂದು ಆವೃತ್ತಿ ಏರಿಸಲು ಕೂತರು. ಅಮಾವಾಸ್ಯೆಯೇ ಯಾಕೆಂದರೆ ಅಂದು ಕಾರ್ಖಾನೆ ಬಂದ್. ದೊಡ್ಡ ಮೋಟರು ಎಳೆಯದೆ ಕರೆಂಟು ಸಮನಾಗಿ ಬರುತ್ತದೆ, ಆರ್ಡರೂ ಕಡಿಮೆ. ಆದರೆ ಅಮಾವಾಸ್ಯೆಗೆ ಇಲ್ಲಿ ಇನ್ನೊಂದು ಪದ್ಧತಿ. ಅಂದಪ್ಪನವರ ಹೆಂಡತಿ ಬಸವಣ್ಣೆವ್ವ ಪ್ರತಿ ಯಂತ್ರಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಕೊಯ್ದಿಡುತ್ತಾರೆ. ಪೂಜೆಗೆ ಮುಂಚೆ ಯಂತ್ರ ತಣ್ಣಗಾಗಬೇಕು. ಸರ್ವರ್ ಕೂಡ ಯಂತ್ರವೇ. ಆದ್ದರಿಂದ ಮೇನ್ ಸ್ವಿಚ್ ಬಂದ್, ಯುಪಿಎಸ್ಸೂ ಬಂದ್.

ಪೂಜೆಯ ಹೊತ್ತಿಗೆ ಮಾಯಾ ಹೊರಗೆ. "ಒಂದೀಟು ಆಚೆ ನಿಂದರವಾ" ಎನ್ನುವುದು ಬಸವಣ್ಣೆವ್ವನ ಮೆತ್ತಗಿನ ಮಾತು. ವರ್ಷವಿಡೀ ಆ ಯಂತ್ರದ ಕರುಳಿಗೆ ಕೈ ಹಾಕುವವರು, ಅದಕ್ಕೆ ದೈವತ್ವ ಬರುವ ಒಂದು ಗಂಟೆ ಮಾತ್ರ ಹೊಸ್ತಿಲಾಚೆ. ಧೂಳು ಒರೆಸಬಹುದು, ಕುಂಕುಮ ಇಡುವಂತಿಲ್ಲ. ಈ ಲೆಕ್ಕಾಚಾರ ಎಷ್ಟು ಹಳೆಯದೆಂದು ಹೊಂಬಳದ ಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರ್ ಬಂದರೆ ಇದೆಲ್ಲ ಹೋಗುತ್ತದೆ ಎಂದವರು ಬಂದು ಆ ಹೊಸ್ತಿಲನ್ನೊಮ್ಮೆ ನೋಡಬೇಕು.

ಹೋದ ಅಮಾವಾಸ್ಯೆ ಅದೇ ಆಯಿತು. ಕೆಲಸ ಅರ್ಧಕ್ಕಿತ್ತು. "ಬಂದ್ ಮಾಡಬ್ಯಾಡ್ರಿ" ಎಂಬ ಮಾತು ಗಂಟಲಿಗೆ ಬಂದರೂ ಬಾಯಿಗೆ ಬರಲಿಲ್ಲ. ಸ್ವಿಚ್ ಬಿತ್ತು. ಮತ್ತೆ ಹೊತ್ತಿಸಿದಾಗ ಅರ್ಧ ಹಳೆಯದು, ಅರ್ಧ ಹೊಸದು, ಯಾವುದೂ ತೆರೆಯಲಿಲ್ಲ. ದಿನವೂ ಮನೆಗೆ ಒಯ್ಯುವ ಹಾರ್ಡ್‌ಡಿಸ್ಕಿನ ಪ್ರತಿಯಿಂದ ಹಳೆಯದನ್ನೇ ನಿಲ್ಲಿಸಲು ಆರು ದಿನ ಹಿಡಿಯಿತು. ಅಂದಪ್ಪನವರ ಮಗ, ಈಗಿನ ಮಾಲೀಕ ನಂದೀಶ, ಕೈ ಝಾಡಿಸಿದರು. "ವಾಟ್ಸ್ಯಾಪಿನ್ಯಾಗ ಫೋಟೋ ಹಾಕಿದ್ರ ಸಾಕು ಈಗ. ಇನ್ನೊಂದು ದಿನಾ ಸೈಟ್ ಬಿತ್ತು ಅಂದ್ರ ಆ ಡಬ್ಬಿ ಗುಜರಿಗೆ, ನೀ ಪ್ಯಾಕಿಂಗಿಗೆ." ಮಾಯಾ ಒಂದೇ ಬೇಡಿಕೆ ಇಟ್ಟರು: ಮುಂದಿನ ಅಮಾವಾಸ್ಯೆ ಸ್ವಿಚ್ ಮುಟ್ಟದಿದ್ದರೆ ಸಾಕು. "ಪೂಜಿ ವಿಷಯದಾಗ ನೀ ಬಾಯಿ ಹಾಕಬ್ಯಾಡ" ಎಂದರು ನಂದೀಶ.

ಬಾಯಿ ಹಾಕಲಿಲ್ಲ. ಒಂದು ತಿಂಗಳು ಹಳೆಯ ಲ್ಯಾಪ್‌ಟಾಪಿನಲ್ಲಿ ಹದಿನೇಳು ಸಲ ತಾಲೀಮು ಮಾಡಿದರು. ಇಡೀ ಕೆಲಸಕ್ಕೆ ಮೂರು ತಾಸು ಇಪ್ಪತ್ತು ನಿಮಿಷ. ಪೂಜೆ ಯಾವಾಗಲೂ ಹತ್ತಕ್ಕೆ. ಐದಕ್ಕೆ ಕೂತರೆ ಎಂಟೂವರೆಯೊಳಗೆ ಮುಗಿಯುತ್ತದೆ ಎಂಬ ಲೆಕ್ಕ.

ಏಳೂವರೆಗೆ ಬಾಗಿಲಲ್ಲಿ ಹೆಜ್ಜೆಯ ಸದ್ದು. ತಟ್ಟೆ ಹಿಡಿದು ಬಸವಣ್ಣೆವ್ವ ನಿಂತಿದ್ದಾರೆ. ಮಾಯಾ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡಿದ್ದರು, ಪಂಚಾಂಗ ನೋಡಿರಲಿಲ್ಲ. ಅಮಾವಾಸ್ಯೆ ಎಂಟು ಇಪ್ಪತ್ತೈದಕ್ಕೇ ಮುಗಿಯುತ್ತದೆ.

"ಆಚೆ ನಿಂದರವಾ, ಜಲ್ದಿ. ಹೊತ್ತು ಮೀರತೈತಿ."

ಪರದೆಯ ಮೇಲೆ ಎಂಬತ್ತೊಂದು. ನೂರಕ್ಕೆ ಮುಟ್ಟಬೇಕು. ಮಾಯಾ ಎದ್ದು ನಿಂತರು. ಹೊರಗೆ ಹೋಗಲಿಲ್ಲ. ಸ್ವಿಚ್‌ಬೋರ್ಡಿಗೂ ಬಸವಣ್ಣೆವ್ವನಿಗೂ ನಡುವೆ ಬಂದು ನಿಂತರು.

"ಅವ್ವಾರ, ಇವತ್ತು ಬಂದ್ ಮಾಡಬ್ಯಾಡ್ರಿ. ನಡುವ ಐತಿ. ಇನ್ನ ನಲವತ್ತು ನಿಮಿಷ."

"ನಡಿಯೋ ಮಷೀನಿಗೆ ಯಾರರ ಪೂಜಿ ಮಾಡ್ತಾರೇನ? ಹುಚ್ಚಿ ಅದಿಯಾ?"

"ಉಸರು ನಿಲ್ಲಿಸಿ ಮನಷ್ಯಾರಿಗೆ ಆರತಿ ಎತ್ತತಾರೇನ್ರಿ?"

ಅಂದದ್ದು ತಾನೇ ಎಂದು ಮಾಯಾ ಅವರಿಗೂ ನಂಬಿಕೆ ಬರಲಿಲ್ಲ. ಬಸವಣ್ಣೆವ್ವ ಅವರ ಮುಖ ನೋಡಿದರು, ಪೆಟ್ಟಿಗೆಯ ಮಿಣುಕುವ ದೀಪ ನೋಡಿದರು. "ಬಾಯಿ ಬಂತು ನಿನಗ" ಎಂದು ಗೊಣಗಿ, ತಟ್ಟೆ ಹಿಡಿದುಕೊಂಡೇ ಹೋಗಿ ಬಾಗಿಲಾಚೆಯ ಬೆಂಚಿನ ಮೇಲೆ ಕೂತರು.

ತೊಂಬತ್ತು. ತೊಂಬತ್ತೇಳು. ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಪರದೆ ಒಮ್ಮೆ ಬೆಳ್ಳಗಾಗಿ, ಆಮೇಲೆ ಕೂರಿಗೆಯ ಚಿತ್ರ ಬಂತು. ಮಾಯಾ ಒಂದೊಂದೇ ಪುಟ ತೆರೆದು ನೋಡಿದರು. ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಿದರು.

"ಚಾಚಾ, ಒಮ್ಮಿ ತಗದ್ ನೋಡ್ರಿ."

"ತಗದೇನ್ವಾ. ಬಂತು. ಜರಡಿ ಐತಿ, ಪಟ್ಟಾ ಐತಿ... ಏನಾಗಿತ್ತು?"

"ಏನಿಲ್ರಿ."

ಪೂಜೆ ಆಯಿತು. ಗುಂಯ್‌ಗುಡುವ ಯಂತ್ರಕ್ಕೇ ಕುಂಕುಮ ಬಿತ್ತು, ಇದು ಮೊದಲ ಸಲ. ಆ ಹೊತ್ತಿಗೆ ಮಾಯಾ ಮತ್ತೆ ಹೊಸ್ತಿಲಾಚೆಯೇ ಇದ್ದರು. ಅಷ್ಟೆಲ್ಲ ಬದಲಾಗುವುದು ತಂತ್ರಾಂಶದ ಆವೃತ್ತಿಯಲ್ಲಿ ಮಾತ್ರ. ಒಂಬತ್ತಕ್ಕೆ ಬಂದ ನಂದೀಶ ಮೊಬೈಲಿನಲ್ಲಿ ವೆಬ್‌ಸೈಟ್ ತೆಗೆದು ಮೇಲೆ ಕೆಳಗೆ ಸರಿಸಿದರು. "ಇದರಾಗೇನ್ ಹೊಸಾದು? ಮೊದಲಿನಂಗಽ ಐತಲ್ಲ!" ಮೊಬೈಲ್ ಜೇಬಿಗಿಟ್ಟು, "ಇರ್ಲಿ ಬಿಡು, ನಡದೈತಲ್ಲ. ಇರ್ಲಿ" ಎಂದು ಒಳಗೆ ಹೋದರು. ಗುಜರಿಯ ಮಾತು ಮತ್ತೆ ಬರಲಿಲ್ಲ.

"ಮೊದಲಿನಂಗ ಕಾಣಸಾಕ ಮೂರು ತಿಂಗಳು ಬೇಕಾತ್ರಿ," ಎನ್ನುತ್ತಾರೆ ಮಾಯಾ, ಹನ್ನೊಂದನೆಯ ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯುತ್ತ. "ಕೆಟ್ಟಾಗ ಎಲ್ಲಾರಿಗೂ ಗೊತ್ತಾಗ್ತೈತಿ. ಛಲೋ ಆದಾಗ ಏನೂ ಆಗಿಲ್ಲ ಅಂತಾರ. ಹಂಗ ಅನಿಸೂದಽ ನನ್ನ ಕೆಲಸ."

ನಿಮಗೇನು ಬೇಕು ಎಂದು ಕೇಳಿದರೆ ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಡುತ್ತಾರೆ. ಪಗಾರದ ಮಾತು ಬರುತ್ತದೆಂದು ಕಾದರೆ ಅದು ಬರುವುದಿಲ್ಲ.

"ಹೊರಗ ಬೆಂಚಿನ ಮ್ಯಾಲ ಕುಂತಾಗ ಅವ್ವಾರು ಒಂದ್ ಮಾತು ಕೇಳಿದ್ರಿ. 'ಒಳಗ ಏನ್ ನಡದೈತಿ ಮಾಯಾ? ಅದು ನಲವತ್ತು ನಿಮಿಷ ಏನ್ ಮಾಡತೈತಿ?' ಅಂದ್ರು. ಬ್ಯಾಸರಕ್ಕ ಕೇಳಿದ್ರೋ ಏನೋ. ನಾ ಇಲ್ಲಿಂದಽ ಹೇಳಿದ್ನಿ. ಉಣ್ಣಾವ್ರನ್ನ ಎಬ್ಬಸದಂಗ ಅವರ ಕೆಳಗಿನ ಚಾಪಿ ಬದಲ್ ಮಾಡಾಕತ್ತೇನ್ರಿ ಅಂತ. ಅವರು 'ಹೌದ? ಹೆಂಗ?' ಅಂದ್ರು. ಒಂಬತ್ತು ವರ್ಷದಾಗ ನನಗ ಯಾರೂ 'ಹೆಂಗ' ಅಂತ ಕೇಳಿದ್ದಿಲ್ರಿ." ಮಾಯಾ ಪೆನ್ನಿನ ಟೋಪಿ ಹಾಕುತ್ತಾರೆ. "ಇನ್ನೊಬ್ಬರು ಬೇಕ್ರಿ ಈ ಖೋಲಿಯೊಳಗ. ಕಲಿಯಾಕ. ಇನ್ನೊಂದು ಕುರ್ಚಿ ಹಾಕಾಕ ಜಾಗಾ ಐತಿ, ನಾ ಅಳತಿ ಮಾಡಿ ನೋಡೇನಿ."