ಶ್ರೀಲಂಕೆಯ ಕಾಲುವೆಗೆ ಬಾಗಿನ

ಶ್ರೀಲಂಕೆಯ ಕಾಲುವೆಯಲ್ಲಿ ದೋಣಿವಿಹಾರ ಎಂದು ನಾನು ಕನಸು ಕಂಡಿದ್ದೇ ಬಂತು. ಎರಡೂ ದಡಗಳಲ್ಲಿ ತೆಂಗಿನ ಸಾಲು, ನೀರಿಗೆ ಬಾಗಿದ ಹೂಬಳ್ಳಿ, ಕಲ್ಲಿನ ಮೇಲೆ ಬಿಸಿಲಿಗೆ ಮೈಚಾಚಿದ ಉಡ. ಒಂದನ್ನಾದರೂ ನೆಮ್ಮದಿಯಾಗಿ ನೋಡಲು ನಮ್ಮಕ್ಕ ಬಿಡಬೇಕಲ್ಲ! ಕೊಡಿಗೇಹಳ್ಳಿಯಿಂದ ಸೂಟ್‌ಕೇಸಿನಲ್ಲಿ ಬಾಗಿನದ ಜೋಡಿ ಮೊರ ತುಂಬಿಕೊಂಡು ಬಂದಿದ್ದಳು. ತುಂಬಿದ ನೀರು ಕಂಡ ಮೇಲೆ ಗಂಗಮ್ಮನಿಗೆ ಬಾಗಿನ ಕೊಡದೆ ಬರಬಾರದಂತೆ. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೇಳೆ, ಬೆಲ್ಲ. ವಿಮಾನ ನಿಲ್ದಾಣದಲ್ಲಿ ಅಷ್ಟನ್ನೂ ಬಿಚ್ಚಿ ತೋರಿಸಿ, ವಿವರಿಸಿ ಬೆವರಿದವಳು ನಾನು.

ದೋಣಿಯಲ್ಲಿ ಅವಳು ಮೊರ ಎತ್ತಿದ್ದೇ ತಡ, ದೋಣಿಯವನು ಎಂಜಿನ್ ಆರಿಸಿದ. ಕಾಲುವೆಗೆ ಏನನ್ನೂ ಹಾಕುವಂತಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಅಕ್ಕ ಪೆಚ್ಚಾದಳು. ಅವಳ ಗಂಡ, ನಮ್ಮ ಭಾವನಿಗೆ, ಪಿತ್ತ ನೆತ್ತಿಗೇರಿತು.

“ಗಂಗೆ ಪೂಜೆಗೂ ಅಡ್ಡ ಬರ್ತಾನಲ್ಲ ಇವ್ನು! ನಮ್ಮೂರ್ ಕಾಲ್ವೆಗೆ ಏನ್ ಆಕಿದ್ರೂ ಯಾವನೂ ಕೇಳಲ್ಲ ಕಣಮ್ಮ!” ಎಂದು ನನ್ನ ಮೇಲೆ ರೇಗಿದರು. ಈ ಪ್ರವಾಸ ಗೊತ್ತು ಮಾಡಿದ್ದು ನಾನಲ್ಲವೇ, ಅದಕ್ಕೆ.

ಅವರ ಮಾತೇನೋ ನಿಜ. ನಮ್ಮೂರ ಕೆರೆಗೆ ಹರಿಯುತ್ತಿದ್ದ ಕಾಲುವೆಗೆ ಇದೇ ಭಾವ ಟಿಪ್ಪರುಗಟ್ಟಲೆ ಮಣ್ಣು ಸುರಿಸಿ, ಮೇಲೆ ನಾಲ್ಕಂತಸ್ತಿನ ಮನೆ ಎಬ್ಬಿಸಿದಾಗ ಯಾರೂ ಕೇಳಲಿಲ್ಲ. ಗೃಹಪ್ರವೇಶದ ಬೆಳಗ್ಗೆ ಮಾತ್ರ ಗಂಗೆಪೂಜೆಗೆ ಒಂದು ಬಿಂದಿಗೆ ನೀರು ಸಿಗದೆ ಟ್ಯಾಂಕರ್ ತರಿಸಬೇಕಾಯಿತು. ಅಕ್ಕ ಆ ಟ್ಯಾಂಕರಿನ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು.